ಓಟಿಜಿ, ಮೈಕ್ರೋವೇವ್, ಗ್ಯಾಸ್: ಚೀಸ್ ಚಿಕನ್ ಕ್ಯಾಸರೋಲ್ ಯಾವುದರಲ್ಲಿ ಚೆನ್ನಾಗಿ ಬರುತ್ತದೆ?

ಚೀಸ್ ಚಿಕನ್ ಕ್ಯಾಸರೋಲ್ ಅಂದರೆ ಬೆಂದ ಚಿಕನ್, ಬಿಳಿ ಸಾಸ್ ಟ್ರೇಯಲ್ಲಿ ಹಾಸಿ, ಮೇಲೆ ಚೀಸ್ ಉದುರಿಸಿ ಬೇಕ್ ಮಾಡುವ ತಿನಿಸು. ಅದರಲ್ಲಿ ನನಗೆ ಬೇಕಾದದ್ದು ಎರಡೇ. ಒಳಗಿನ ಸಾಸ್ ನುಣ್ಣಗೆ ಇರಬೇಕು. ಮೇಲಿನ ಚೀಸ್ ಅಲ್ಲಲ್ಲಿ ಕಂದು ಕಲೆ ಬೀಳುವಷ್ಟು ಕಾಯಬೇಕು. ಮೊದಲನೆಯದು ಒಲೆಯ ಮೇಲೆಯೇ ಮುಗಿಯುವ ಕೆಲಸ. ಎರಡನೆಯದಕ್ಕೆ ಮೇಲಿನಿಂದ ಕಾವು ಬೇಕು, ತಕರಾರು ಇರುವುದು ಅಲ್ಲೇ. ಮಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಇದನ್ನು ಓಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಸೇರಿದ ಕರೆಂಟಿನ ಒಲೆ), ಕನ್ವೆಕ್ಷನ್ ಇರುವ ಮೈಕ್ರೋವೇವ್‌ನಲ್ಲಿ, ಗ್ಯಾಸ್ ಮೇಲೆ ಉಪ್ಪು ಹಾಸಿದ ಪಾತ್ರೆಯಲ್ಲಿ ಮಾಡಿ ನೋಡಿದ್ದೇನೆ. ನನ್ನ ಮೊದಲ ಆಯ್ಕೆ ಓಟಿಜಿ. ಎರಡನೆಯದು ಗ್ಯಾಸ್. ಮೈಕ್ರೋವೇವ್‌ಗೆ ಕೊನೇ ಜಾಗ.

ಹೋಲಿಸಬೇಕಾದರೆ ಒಳಗಿನ ಹೂರಣ ಒಂದೇ ಇರಬೇಕು, ಅಲ್ವಾ? ನನ್ನ ಲೆಕ್ಕ ಇದು. ಅರ್ಧ ಕಿಲೋ ಬೋನ್‌ಲೆಸ್ ಚಿಕನ್, 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, ಅರ್ಧ ಲೀಟರ್ ಹಾಲು. ನೀರುಳ್ಳಿ, ದೊಣ್ಣೆಮೆಣಸು, ಕುಟ್ಟಿದ ಒಳ್ಳೆಮೆಣಸು, ಚೂರು ಜಾಯಿಕಾಯಿ. ಎದೆಯ ಮಾಂಸಕ್ಕಿಂತ ಕಾಲಿನ ಮಾಂಸ ಒಳ್ಳೆಯದು. ಒಮ್ಮೆ ಬೆಂದು ಮತ್ತೆ ಓವನ್ ಕಾವು ತಿಂದರೂ ಒಣಗುವುದಿಲ್ಲ. ಚಿಕನ್ ಮೊದಲೇ ಪೂರ್ತಿ ಬೇಯಿಸಿಯೇ ಹಾಕಬೇಕು, ಗ್ಯಾಸ್ ಮೇಲೆ ಮಾಡುವವರಂತೂ ಇದನ್ನು ಬಿಡಲೇಬಾರದು. ಮೈದಾವನ್ನು ಬೆಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿದು ಕೈಬಿಡದೆ ಮಗುಚಿದರೆ ಗಂಟು ಕಟ್ಟುವುದಿಲ್ಲ. ನಂದಿನಿಯ ನೀಲಿ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬು ಬರೀ 3 ಶೇಕಡಾ. ಆದರೂ ಈ ಸಾಸ್‌ಗೆ ಅದು ಸಾಕು, ಮೇಲಿಂದ ಕ್ರೀಮ್ ಬೇಡ. ಕ್ರೀಮ್ ಹಾಕಿದಾಗ ಬಿಸಿಯಲ್ಲಿ ರುಚಿ ಅನಿಸಿತು, ತಣಿದ ಮೇಲೆ ನಾಲಿಗೆಗೆ ಜಿಡ್ಡು ಅಂಟಿತು.

ಓಟಿಜಿ ಗೆಲ್ಲುವುದು ಅದರ ಮೇಲಿನ ರಾಡಿನಿಂದ. 180 ಡಿಗ್ರಿಗೆ ಹತ್ತು ನಿಮಿಷ ಬಿಸಿ ಮಾಡಿಟ್ಟು, ಟ್ರೇ ಒಳಗಿಟ್ಟು, ಮೇಲಿನದು ಕೆಳಗಿನದು ಎರಡೂ ರಾಡ್ ಹಾಕಿ 20 ನಿಮಿಷ ಬಿಡುತ್ತೇನೆ. ಅಷ್ಟರಲ್ಲಿ ಅಂಚಿನ ಸುತ್ತ ಸಾಸ್ ಗುಳುಗುಳು ಅನ್ನಲು ಶುರುವಾಗುತ್ತದೆ. ಆಮೇಲೆ ಮೇಲಿನ ರಾಡ್ ಮಾತ್ರ, ಟ್ರೇಯನ್ನು ಒಂದು ಮೆಟ್ಟಿಲು ಮೇಲಕ್ಕೆ. ಇನ್ನು ಗಾಜಿನ ಎದುರಿನಿಂದ ಏಳುವಂತಿಲ್ಲ. ಚೀಸ್ ಮೊದಲು ಕರಗಿ ಹರಡುತ್ತದೆ, ಆಮೇಲೆ ಗುಳ್ಳೆ ಏಳುತ್ತದೆ, ಗುಳ್ಳೆಯ ನೆತ್ತಿ ಮೊದಲು ಕಂದಾಗುತ್ತದೆ. ಆ ಬಣ್ಣಕ್ಕೂ ಕರಕಲಾಗುವುದಕ್ಕೂ ನಡುವೆ ಇರುವುದು ಒಂದೆರಡು ನಿಮಿಷ ಮಾತ್ರ. ಕೆಂಪಗಾದ ರಾಡು ನೇರ ಚೀಸ್ ಮೇಲೆ ಕಾವು ಬೀರುವುದರಿಂದ ಒಳಗಿನ ಸಾಸ್ ಒಣಗುವ ಮೊದಲೇ ಮೇಲ್ಭಾಗ ಆಗಿರುತ್ತದೆ.

ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಕೆಲಸ ಮಾಡುವುದು ಫ್ಯಾನ್ ಬೀಸುವ ಬಿಸಿ ಗಾಳಿ. ಅದು ಮೊದಲು ಮೇಲ್ಪದರವನ್ನು ಒಣಗಿಸುತ್ತದೆ. ಚೀಸ್ ಗುಳ್ಳೆ ಏಳುವ ಮುಂಚೆಯೇ ಚರ್ಮ ಕಟ್ಟಿಕೊಳ್ಳುತ್ತದೆ, ಕತ್ತರಿಸಿದರೆ ಹಾಳೆಯ ಹಾಗೆ ಎದ್ದು ಬರುತ್ತದೆ. ಇದಕ್ಕೆ ದಾರಿ ಇದೆ. ಉಷ್ಣತೆ 160ಕ್ಕೆ ಇಳಿಸಿ, ಮೊದಲ 15 ನಿಮಿಷ ಚೀಸ್ ಇಲ್ಲದೆ ಇಟ್ಟು, ಆಮೇಲೆ ಚೀಸ್ ಉದುರಿಸಿ ಗ್ರಿಲ್‌ಗೆ ಹಾಕಬೇಕು. ತಿನ್ನಲು ಅಡ್ಡಿಯಿಲ್ಲ, ಆದರೆ ಓಟಿಜಿಯ ಬಣ್ಣ ಬರುವುದಿಲ್ಲ. ಬರೀ ಮೈಕ್ರೋ ಮೋಡ್‌ನಲ್ಲಿ ಮಾತ್ರ ದಯವಿಟ್ಟು ಮಾಡಬೇಡಿ. ಅಲ್ಲಿ ಬಿಸಿಯಾಗುವುದು ಮುಖ್ಯವಾಗಿ ಪದಾರ್ಥದೊಳಗಿನ ನೀರು, ಹಾಗಾಗಿ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂದು ಬಣ್ಣ ಬರಲು 140ರ ಹತ್ತಿರ ಹೋಗಬೇಕು. ಚೀಸ್ ಕರಗುತ್ತದೆ, ಬಿಳಿಯಾಗೇ ಉಳಿಯುತ್ತದೆ.

ಗ್ಯಾಸ್ ವಿಷಯಕ್ಕೆ ಬರೋಣ. ನಮ್ಮ ಮಳೆಗಾಲ ಗೊತ್ತಲ್ಲ, ಜೂನ್ ಬಂದರೆ ಗಾಳಿಮಳೆಗೆ ಯಾವಾಗ ಕರೆಂಟು ಹೋಗುತ್ತದೋ ಹೇಳಲಾಗದು. ಓಟಿಜಿ 1500 ವಾಟ್ ಅಂದರೂ ಸಾಮಾನ್ಯ ಮನೆ ಇನ್ವರ್ಟರ್ ಅದನ್ನು ಹೊರುವುದಿಲ್ಲ. ಆಗ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಗೆ ಒಂದು ಇಂಚು ಕಲ್ಲುಪ್ಪು ಹಾಸಿ, ನಡುವೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸುತ್ತೇನೆ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಟಿನ್ ಮಾತ್ರ ಒಳಗಿಡಬೇಕು, ಗಾಜಿನ ಬೋಗುಣಿ ಬೇಡ. ಮುಚ್ಚಳದಿಂದ ಹಬೆ ನೀರು ಚೀಸ್ ಮೇಲೆ ತೊಟ್ಟಿಕ್ಕುವುದು ಇದರ ದೊಡ್ಡ ಕಾಟ. ಮುಚ್ಚಳಕ್ಕೆ ಒಣ ಬಟ್ಟೆ ಸುತ್ತಿ, ಅದರ ತುದಿಗಳನ್ನು ಉರಿಗೆ ತಾಗದಂತೆ ಮೇಲಕ್ಕೆ ಕಟ್ಟಿದರೆ ನೀರೆಲ್ಲ ಬಟ್ಟೆಗೆ ಹೋಗುತ್ತದೆ.

ಬಣ್ಣಕ್ಕೆ? ಹಿಂದೆ ಓವನ್ ಇಲ್ಲದ ಮನೆಗಳಲ್ಲಿ ಮುಚ್ಚಳದ ಮೇಲೆ ಗೆರಟೆ ಕೆಂಡ ಹರಡಿ ಕೇಕ್ ಮಾಡುತ್ತಿದ್ದರು. ಅದೇ ಉಪಾಯ ಇಲ್ಲಿಗೂ ಹೊಂದುತ್ತದೆ. ಫ್ಲ್ಯಾಟಿನಲ್ಲಿ ಕೆಂಡ ಎಲ್ಲಿಂದ ತರುವುದು? ಹಾಗಾಗಿ ಕಬ್ಬಿಣದ ದೋಸೆ ಕಾವಲಿ. ಅದನ್ನು ಪಕ್ಕದ ಒಲೆಯಲ್ಲಿ ಹೊಗೆಯಾಡುವಷ್ಟು ಕಾಯಿಸಿ, ಹೊರಗೆ ತೆಗೆದಿಟ್ಟ ಟಿನ್ ಬಾಯಿಗೆ ಅಡ್ಡಲಾಗಿ ಇಡುತ್ತೇನೆ. ಉರಿ ತಾಗಿದ ಮಗ್ಗುಲು ಕೆಳಗೆ, ಚೀಸ್‌ಗೂ ಕಾವಲಿಗೂ ಮಧ್ಯೆ ಒಂದು ಬೆರಳಷ್ಟು ಜಾಗ. ಕಾವಲಿಯ ಅಡಿಯನ್ನು ಮೊದಲೇ ಚೆನ್ನಾಗಿ ತಿಕ್ಕಿಟ್ಟಿರಬೇಕು, ಇಲ್ಲದಿದ್ದರೆ ಮಸಿ ಉದುರುತ್ತದೆ. ನಾಲ್ಕೈದು ನಿಮಿಷದಲ್ಲಿ ನಡುವೆ ಕಂದು ಚುಕ್ಕೆಗಳು ಬೀಳುತ್ತವೆ. ಅಂಚು ಬಿಳಿಯಾಗೇ ಇರುತ್ತದೆ, ಅದು ನಿಜ. ಆದರೆ ಸಾಸ್ ಒಂದಿಷ್ಟೂ ಒಣಗಿರುವುದಿಲ್ಲ. ಮೈಕ್ರೋವೇವ್‌ಗಿಂತ ಇದನ್ನು ಮೇಲೆ ಇಡುವುದು ಅದಕ್ಕೇ.

ಚೀಸ್‌ನಲ್ಲೂ ಪೈಪೋಟಿ ಇದೆ. ಬರೀ ಮೊಝರೆಲ್ಲಾ ಹಾಕಿದರೆ ಎಳೆ ಎಳೆಯಾಗಿ ಎಳೆಯಲು ಚೆಂದ, ಬಣ್ಣವೂ ಚೆಂದ, ರುಚಿ ಸಪ್ಪೆ. ಬರೀ ಅಮುಲ್ ಕ್ಯೂಬ್ (ಅದು ಪ್ರೊಸೆಸ್ಡ್ ಚೀಸ್) ಹಾಕಿದರೆ ಉಪ್ಪು, ಹುಳಿ ಎಲ್ಲ ಸರಿ, ಆದರೆ ಎಳೆ ಬರುವುದಿಲ್ಲ. ಪ್ರೊಸೆಸ್ಡ್ ಚೀಸ್‌ಗೆ ಎಣ್ಣೆ ಬಿಡದಂತೆ ಎಮಲ್ಸಿಫೈ ಮಾಡುವ ಲವಣ ಸೇರಿಸಿರುತ್ತಾರೆ, ಹಾಗಾಗಿ ಅದು ಸಾಸ್‌ನಲ್ಲಿ ಹೇಳಿದ ಹಾಗೆ ಕರಗುತ್ತದೆ. ಅದಕ್ಕೇ 25 ಗ್ರಾಂನ ಎರಡು ಕ್ಯೂಬ್ ತುರಿದು ಸಾಸ್ ಒಳಗೆ, 100 ಗ್ರಾಂ ಮೊಝರೆಲ್ಲಾ ಮೇಲೆ. ತುರಿದು ಮಾರುವ ಪ್ಯಾಕೆಟ್‌ಗಿಂತ ಗಟ್ಟಿ ತಂದು ಮನೆಯಲ್ಲೇ ತುರಿಯಿರಿ. ಪ್ಯಾಕೆಟಿನದಕ್ಕೆ ಅಂಟದಿರಲು ಪಿಷ್ಟ ಹಚ್ಚಿರುವುದುಂಟು, ಅದು ಅಷ್ಟು ನುಣ್ಣಗೆ ಕರಗುವುದಿಲ್ಲ. ಸಾಸ್‌ಗೆ ಉಪ್ಪು ಕಡಿಮೆಯೇ ಇರಲಿ.

ತಳಕ್ಕೆ ಏನು ಹಾಕುವುದು? ಮ್ಯಾಕರೋನಿ ಎಲ್ಲರೂ ಹಾಕುತ್ತಾರೆ, ಸರಿಯೇ. ಬ್ರೆಡ್ ಮುದ್ದೆಯಾಗುತ್ತದೆ, ನನಗೆ ಹಿಡಿಸಲಿಲ್ಲ. ನನಗೆ ತುಂಬಾ ಇಷ್ಟವಾದದ್ದು ಕುಚ್ಚಲಕ್ಕಿಯ ತೆಳು ಕೋರಿ ರೊಟ್ಟಿ. ಗರಿಗರಿ ರೊಟ್ಟಿಯನ್ನು ಅಂಗೈಯಗಲ ಮುರಿದು ಸಾಸ್, ಚಿಕನ್ ನಡುವೆ ಎರಡು ಪದರ ಹಾಸಬೇಕು. ಅದು ಸಾಸ್ ಹೀರಿಕೊಂಡು ಮೆತ್ತಗಾಗುತ್ತದೆ, ಆದರೂ ಹಲ್ಲಿಗೆ ಸಿಗುತ್ತದೆ. ಕುಚ್ಚಲಕ್ಕಿಯ ರುಚಿ ಚೀಸ್‌ಗೆ ಇಷ್ಟು ಒಪ್ಪುತ್ತದೆ ಅಂತ ತಿಂದವರಿಗೇ ಗೊತ್ತು. ಒಂದೇ ಎಚ್ಚರಿಕೆ, ಹೀರಿಕೊಳ್ಳಲು ಅರ್ಧ ಲೋಟ ಹಾಲು ಜಾಸ್ತಿ ಹಾಕಿ ಸಾಸ್ ತೆಳ್ಳಗೆ ಮಾಡಿ.

ಓವನ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕತ್ತರಿಸಿ, ಇಲ್ಲದಿದ್ದರೆ ಸಾಸ್ ಹರಿದುಹೋಗುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಬಿಸಿ ಮಾಡಲು ಮೈಕ್ರೋವೇವ್ ಬಳಸಬಹುದು, ಆ ಕೆಲಸಕ್ಕೆ ಅದು ಒಳ್ಳೆಯದು. ನಾನಂತೂ ತುಂಡನ್ನು ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿ, ಸಣ್ಣ ಉರಿಯಲ್ಲಿಡುತ್ತೇನೆ. ಒಳಗಿನವರೆಗೆ ಬಿಸಿಯಾಗುವಷ್ಟರಲ್ಲಿ ಅಡಿಯ ರೊಟ್ಟಿ ಮತ್ತೆ ಗರಿಯಾಗಿರುತ್ತದೆ.