ಬಲಮುರಿಯಲ್ಲಿ ಮಕ್ಕಳ ಫೋಟೋ ತೆಗೆಯಬೇಕು ಅಂತಿದ್ದೀರಾ? ಮೊದಲು ಇದನ್ನು ಓದಿ

ದಸರಾ ರಜೆ ಹತ್ತಿರ ಬಂತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಒಬ್ಬರು, "ಮೈಸೂರು ಕಡೆ ಮಕ್ಕಳಿಗೆ ಇಷ್ಟ ಆಗೋ, ಫೋಟೋ ಚೆನ್ನಾಗಿ ಬರೋ ಜಾಗ ಹೇಳಿ" ಅಂತ ಕೇಳಿದ್ದರು. ಐದು ನಿಮಿಷದೊಳಗೆ ಮೂವರು ಬಲಮುರಿ ಅಂದರು. ಅವರಲ್ಲೊಬ್ಬರು ನನ್ನ ಕಡೆ ಬೆರಳು ತೋರಿಸಿ, "ಇವರು ಹೋದ ವರ್ಷ ಹೋಗಿದ್ರಲ್ಲ, ಮಗಳ ಫೋಟೋ ಎಷ್ಟು ಮುದ್ದಾಗಿ ಬಂದಿತ್ತು" ಎಂದು ಬರೆದರು. ಆ ಫೋಟೋ ತೆಗೆದ ಹನ್ನೆರಡು ನಿಮಿಷಕ್ಕೆ ಏನಾಯಿತು ಅನ್ನೋದನ್ನು ನಾನು ಗ್ರೂಪಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದು ದೊಡ್ಡ ತಪ್ಪು. ಅದಕ್ಕೇ ಈಗ ಪೂರ್ತಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಬಲಮುರಿ ಇರೋದು ಶ್ರೀರಂಗಪಟ್ಟಣ ತಾಲೂಕಿನಲ್ಲಿ, ಕೆಆರ್‌ಎಸ್‌ಗೆ ಹೋಗುವ ದಾರಿಯಲ್ಲಿ, ಬೆಳಗೊಳದ ಹತ್ತಿರ. ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ. ಅದರ ಮೇಲಿಂದ ನೀರು ಬಿಳಿ ಪರದೆ ಬಿಟ್ಟ ಹಾಗೆ ಉದ್ದಕ್ಕೂ ಇಳಿಯುತ್ತದೆ. ಕೆಳಗೆ ಬಂಡೆಗಳು, ಅವುಗಳ ನಡುವೆ ಪಾದ ಮುಳುಗುವಷ್ಟು ನೀರು, ದಡದಲ್ಲಿ ಮರಗಳ ನೆರಳು. ಎಷ್ಟೋ ಸಿನಿಮಾಗಳ ಹಾಡು ಅಲ್ಲಿ ಚಿತ್ರೀಕರಣ ಆಗಿದೆ. ಕ್ಯಾಮೆರಾ ಹೇಗೆ ಹಿಡಿದರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಮಕ್ಕಳಂತೂ ನೀರು ಕಂಡ ಕೂಡಲೇ ಚಪ್ಪಲಿ ಬಿಚ್ಚುತ್ತಾರೆ.

ನಾವು ಹೋದಾಗ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಜೊತೆಗೆ ನನ್ನ ನಾದಿನಿ, ಅವಳ ಗಂಡ. ಬೆಂಗಳೂರಿನಿಂದ ನಸುಕಿಗೇ ಹೊರಟು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಹನ್ನೊಂದರ ಹೊತ್ತಿಗೆ ಅಲ್ಲಿದ್ದೆವು. ಮಗಳಿಗೆ ಹಬ್ಬಕ್ಕೆಂದು ಹೊಲಿಸಿದ ಹಳದಿ ಲಂಗ, ಕೆಂಪು ಕುಪ್ಪಸ. ನೀರಿನ ಬಿಳಿ, ಬಂಡೆಯ ಕಪ್ಪು, ನಡುವೆ ಹಳದಿ ಲಂಗ. ಈ ಚಿತ್ರ ನನ್ನ ತಲೆಯಲ್ಲಿ ವಾರದಿಂದ ಕೂತಿತ್ತು.

ದಡದಲ್ಲಿ ಎಚ್ಚರಿಕೆಯ ಫಲಕ ಇತ್ತು. ಮಗಳು ಆಗ ಎರಡನೇ ಕ್ಲಾಸು, ಕನ್ನಡದ ಬೋರ್ಡು ಕಂಡಲ್ಲೆಲ್ಲ ನಿಂತು ಓದುತ್ತಿದ್ದಳು. ಅದನ್ನೂ ಓದಿದಳು. "ಅ-ಪಾ-ಯ. ನೀ-ರಿ-ಗೆ ಇ-ಳಿ-ಯ-ಬಾ-ರ-ದು." ಒತ್ತಕ್ಷರ ಇಲ್ಲದ್ದಕ್ಕೆ ಒಂದೂ ತಪ್ಪಾಗಲಿಲ್ಲ. ನಾನು "ಜಾಣೆ" ಅಂದು ಬೆನ್ನು ತಟ್ಟಿ, ಕೈ ಹಿಡಿದು ನೀರಿಗೇ ಇಳಿಸಿದೆ. ಅಲ್ಲಿ ಆಗಲೇ ನೂರಾರು ಜನ ಇದ್ದರು, ಕೈಗೂಸುಗಳನ್ನು ಎತ್ತಿಕೊಂಡವರೂ ಇದ್ದರು. ಇಷ್ಟು ಜನ ಇರುವಲ್ಲಿ ಏನಾದೀತು ಅಂತ ನಮಗೆಲ್ಲರಿಗೂ ಅನ್ನಿಸಿತ್ತು.

ದಡದಿಂದ ಹತ್ತು ಹೆಜ್ಜೆ ಒಳಗೆ ಒಂದು ಚಪ್ಪಟೆ ಬಂಡೆ. ಅಲ್ಲಿಗೆ ಹೋಗುವಾಗ ನೀರು ನನ್ನ ಕಣಕಾಲಿನಷ್ಟೂ ಇರಲಿಲ್ಲ. ಮಗಳನ್ನು ಕೂರಿಸಿ ದಡಕ್ಕೆ ಬಂದು ತೆಗೆಯತೊಡಗಿದೆ. ಲಂಗ ಹರಡಿಕೋ, ಆ ಕಡೆ ನೋಡು, ನೀರು ಎರಚು, ಈಗ ನಗು, ಇನ್ನೊಂದು, ಇನ್ನೊಂದೇ ಒಂದು. ನನ್ನ ಕಣ್ಣು ಮೊಬೈಲಿನ ಪರದೆಯಲ್ಲಿ. ಅವಳ ಕಣ್ಣು ನನ್ನ ಮೇಲೆ, ಬೆನ್ನು ನದಿಗೆ. ಯಜಮಾನರು ಮಗನನ್ನು ಹಿಡಿದು ಪಕ್ಕದಲ್ಲಿ ನಿಂತು ಅವಳನ್ನು ನಗಿಸುತ್ತಿದ್ದರು. ಆರು ಜನರ ಕುಟುಂಬದಲ್ಲಿ ಒಬ್ಬರೂ ಹೊಳೆಯನ್ನು ನೋಡುತ್ತಿರಲಿಲ್ಲ.

ನೋಡಿದವರು ದಡದ ಮೇಲೆ ಮೀನು ಕರಿಯುತ್ತಿದ್ದ ಒಬ್ಬ ಹೆಂಗಸು. "ಅಮ್ಮೋ, ಮಗೀನ ಎತ್ಕಬನ್ನಿ, ನೀರು ಏರ್ತಾ ಅದೆ!" ಅಂತ ಕೂಗಿದರು. ನನಗೆ ಕೇಳಿಸಿತು, ಅರ್ಥ ಆಗಲಿಲ್ಲ. ಯಾಕೆಂದರೆ ಬಿಸಿಲು ಚುರುಗುಟ್ಟುತ್ತಿತ್ತು, ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಎರಡನೇ ಸಲ ಅವರು ಜಾಲರಿ ಸೌಟು ಹಿಡಿದುಕೊಂಡೇ ಓಡಿಬಂದು ಕೂಗಿದರು. ಆಗ ಮೊಬೈಲು ಕೆಳಗಿಳಿಸಿ ನೋಡಿದೆ. ಬಂಡೆಗೂ ನನಗೂ ನಡುವೆ ಇದ್ದ ನೀರಿನ ಬಣ್ಣ ಬದಲಾಗಿತ್ತು. ತಿಳಿಯಾಗಿದ್ದದ್ದು ಚಹಾದ ಹಾಗೆ ಕಂದಾಗಿ, ಒಣಗಿದ ಎಲೆ, ಕಡ್ಡಿ, ನೊರೆ ತೇಲಿಸಿಕೊಂಡು ಬರುತ್ತಿತ್ತು. ನನ್ನ ಚಪ್ಪಲಿ ಒಣ ಕಲ್ಲಿನ ಮೇಲೆ ಬಿಟ್ಟಿದ್ದೆ. ಒಂದು ಅಲ್ಲೇ ಇತ್ತು, ಇನ್ನೊಂದು ಇರಲಿಲ್ಲ.

ಯಜಮಾನರು ಮಗನ ಕೈ ಬಿಟ್ಟು ನುಗ್ಗಿದರು. ಮೂರನೇ ಹೆಜ್ಜೆಗೆ ಪಾಚಿ ಜಾರಿಸಿತು, ಮೊಣಕಾಲು ಬಂಡೆಗೆ ಬಡಿದು ಅಲ್ಲೇ ಕುಸಿದರು. ಮಗಳು ಅಪ್ಪ ಬಿದ್ದದ್ದು ಕಂಡು ಗಾಬರಿಯಿಂದ ಎದ್ದು ನಿಂತು, ತಾನೇ ಬರುತ್ತೇನೆಂದು ಕಾಲು ಕೆಳಗಿಟ್ಟಳು. ನೀರು ಅವಳ ತೊಡೆವರೆಗೆ ಬಂತು. ಆ ಲಂಗ ನಾಲ್ಕು ಮೀಟರ್ ಬಟ್ಟೆ, ಒಳಗೆ ಲೈನಿಂಗು. ನೀರು ಅದನ್ನು ಚೀಲದ ಹಾಗೆ ಉಬ್ಬಿಸಿ ಎಳೆಯಿತು. ಮಗಳು ಕೂಗಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ, ಅವಳು ಒಂದು ಸದ್ದೂ ಮಾಡಲಿಲ್ಲ. ನೀರಿನಲ್ಲಿ ಸಿಕ್ಕಿದ ಮಗು "ಅಮ್ಮಾ" ಅಂತ ಕಿರುಚುತ್ತದೆ, ಕೈ ಬಡಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಉಸಿರು ಹಿಡಿಯುವುದೇ ಕಷ್ಟವಾದಾಗ ಕೂಗಲು ಆಗುವುದಿಲ್ಲ. ಬಾಯಿ ತೆರೆದು, ನನ್ನನ್ನೇ ನೋಡುತ್ತಾ, ಹಾಗೇ ಪಕ್ಕಕ್ಕೆ ವಾಲಿದಳು.

ತೆಪ್ಪದವರೊಬ್ಬರು ಬಿದಿರ ಗಳು ಚಾಚಿ ಅವಳ ಮುಂದೆ ಅಡ್ಡ ಹಿಡಿದರು. ಅವಳು ಅದಕ್ಕೆ ತಗುಲಿಕೊಂಡಳು. ನಾದಿನಿಯ ಗಂಡ ಇನ್ನೊಂದು ತುದಿ ಹಿಡಿದುಕೊಂಡೇ ಇಳಿದು, ತೋಳು ಹಿಡಿದು ಎಳೆದರು. ಎಲ್ಲ ಸೇರಿ ಒಂದು ನಿಮಿಷ ಆಗಿರಲಿಕ್ಕಿಲ್ಲ. ಮಣಿಕಟ್ಟು ಉಳುಕಿತ್ತು, ಮೊಣಕೈ ತರಚಿತ್ತು, ಒಂದಿಷ್ಟು ನೀರು ಕುಡಿದಿದ್ದಳು. ಅವಳನ್ನು ಎದೆಗೆ ಒತ್ತಿಕೊಂಡು ತಿರುಗಿ ನೋಡುತ್ತೇನೆ, ಮಗ ಹೊಟ್ಟೆವರೆಗೆ ನೀರಿನಲ್ಲಿದ್ದಾನೆ. ಅಪ್ಪನ ಹಿಂದೆಯೇ ಇಳಿದುಬಿಟ್ಟಿದ್ದ. ಅವನ ಅಂಗಿಯ ಕಾಲರು ಹಿಡಿದು ನಿಂತಿದ್ದವರು ಅದೇ ಮೀನು ಕರಿಯುವ ಹೆಂಗಸು. ನಾವೆಲ್ಲ ಒಂದು ಮಗುವಿನ ಕಡೆ ಓಡಿದಾಗ ಇನ್ನೊಂದನ್ನು ನೋಡಿದ್ದು ಅವರೊಬ್ಬರೇ. ಅವರ ಬಾಣಲೆಯಲ್ಲಿದ್ದ ಮೀನು ಅಷ್ಟೂ ಕರಕಲಾಗಿತ್ತು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. "ವರ್ಸಾ ವರ್ಸಾ ನೋಡ್ತೀವಿ ಕಣಮ್ಮ, ಎಲ್ಲಾರೂ ಎತ್ಕೊಂಡು ಹೋಗಕಾಗಕಿಲ್ಲ" ಅಂದರು. ಎಲ್ಲರೂ ತಮ್ಮ ಮಕ್ಕಳನ್ನು ಕರೆದುಕೊಂಡೇ ಮನೆಗೆ ಹೋಗುವುದಿಲ್ಲ ಅಂತ.

ಬಿಸಿಲಿರುವಾಗ ನೀರು ಏರುವುದು ಹೇಗೆ ಅಂತ ನನ್ನ ಹಾಗೇ ಕೇಳುವವರು ಇರುತ್ತೀರಿ. ಬಲಮುರಿಯ ಮೇಲ್ಗಡೆ, ಹತ್ತಿರದಲ್ಲೇ, ಕೃಷ್ಣರಾಜಸಾಗರ, ಅಂದರೆ ಕೆಆರ್‌ಎಸ್, ಇದೆ. ಬಲಮುರಿಯ ಆಕಾಶಕ್ಕೂ ಬಲಮುರಿಯ ನೀರಿಗೂ ಸಂಬಂಧ ಕಡಿಮೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುವ ಅಣೆಕಟ್ಟೆ ಅದು. ಭಾಗಮಂಡಲದಲ್ಲಿ, ಮೂಡಿಗೆರೆಯಲ್ಲಿ ಮಳೆಯಾದರೆ ಇಲ್ಲಿಗೆ ನೀರು. ಪೂರ್ಣ ಮಟ್ಟ 124.80 ಅಡಿ, ಹಿಡಿಯುವುದು 49.45 ಟಿಎಂಸಿ. ಮಟ್ಟ 124ರ ಆಸುಪಾಸಿನಲ್ಲಿದ್ದರೆ ಹೊಸದಾಗಿ ಬಂದ ನೀರಿಗೆ ಒಳಗೆ ಜಾಗ ಇರುವುದಿಲ್ಲ, ಬಂದಷ್ಟೂ ಹೊರಗೆ ಬಿಡಬೇಕಾಗುತ್ತದೆ. ಆಗಸ್ಟ್ ಕಳೆದ ಮೇಲೆ ಭಯವಿಲ್ಲ ಅಂತ ಲೆಕ್ಕ ಹಾಕಬೇಡಿ. ಹಿಂಗಾರು ಮಳೆಗೆ ಅಕ್ಟೋಬರಿನಲ್ಲೂ ತುಂಬಿರುತ್ತದೆ. ಜುಲೈ ತನಕ ಭಯವಿಲ್ಲ ಅಂತಲೂ ಬೇಡ, 2025ರಲ್ಲಿ ಜೂನ್ ತಿಂಗಳಲ್ಲೇ ಭರ್ತಿಯಾಗಿ ಬಾಗಿನ ಬಿಟ್ಟರು. ಬೇಸಿಗೆಯಲ್ಲೂ ಕುಡಿಯುವ ನೀರಿಗೆ, ತಮಿಳುನಾಡಿನ ಪಾಲಿಗೆ ನದಿಗೆ ಬಿಡುವ ಪ್ರಮಾಣ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಟನ್ ತೂಕದ ನೀರು. 2024ರ ಆಗಸ್ಟ್ ಹೊತ್ತಿಗೆ ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್‌ಗೂ ಮೀರಿ ಬಿಟ್ಟಿದ್ದರು. ಅಂಥ ದಿನ ಸುದ್ದಿಯಲ್ಲಿ ಬರುತ್ತದೆ, ಡಂಗುರ ಸಾರುತ್ತಾರೆ, ಜನರನ್ನು ಹತ್ತಿರಕ್ಕೇ ಬಿಡುವುದಿಲ್ಲ. ಮಕ್ಕಳಿಗೆ ನಿಜವಾದ ಅಪಾಯ ಸುದ್ದಿಯಾಗದ ದಿನಗಳದ್ದು. ಹೊಳೆಗೆ ಎರಡು ಗೇಣು ನೀರು ಹೆಚ್ಚಾದರೆ ಪೇಪರಿನಲ್ಲಿ ಬರುವುದಿಲ್ಲ. ಏಳು ವರ್ಷದ ಮಗುವಿಗೆ ಎರಡು ಗೇಣು ಸಾಕು.

ಕಟ್ಟೆಯ ಬುಡಕ್ಕಂತೂ ದೊಡ್ಡವರೂ ಹೋಗಬೇಡಿ. ಮೇಲಿಂದ ಬಿದ್ದ ನೀರು ಬುಡದಲ್ಲಿ ಸುತ್ತು ಹೊಡೆದು, ಅಲ್ಲಿರುವುದನ್ನು ಮತ್ತೆ ಗೋಡೆಯ ಕಡೆಗೇ ಎಳೆದು ಒಳಗೆ ಒತ್ತುತ್ತದೆ. ಈಜು ಬಂದರೂ ಅಲ್ಲಿ ಪ್ರಯೋಜನವಿಲ್ಲ. ಒಬ್ಬರನ್ನು ಉಳಿಸಲು ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಹಾರಿ ಮನೆಮಂದಿಯೆಲ್ಲ ಹೋದ ಸುದ್ದಿ ನಮ್ಮ ಕೆರೆಹೊಳೆಗಳಿಂದ ಎಷ್ಟು ಸಲ ಓದಿಲ್ಲ? ನಮ್ಮ ಮನೆಯಲ್ಲೂ ಅದೇ ಶುರುವಾಗಿತ್ತು. ಹಾರುವ ಬದಲು ಏನಾದರೂ ಚಾಚಿ, ಇಲ್ಲವೇ ಎಸೆಯಿರಿ. ಗಳು, ಸೀರೆ, ಪಂಚೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದು. 112ಕ್ಕೆ ಫೋನು ಮಾಡಿ. ಮಗು ಹೊರಗೆ ಬಂದ ಮೇಲೆ ಉಸಿರಾಡದಿದ್ದರೆ ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ, ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತಲು ಶುರುಮಾಡಬೇಕು. ಇದನ್ನು ನಾನು ಆಮೇಲೆ ಕಲಿತೆ. ಮೊದಲೇ ಕಲಿತಿರಬೇಕಿತ್ತು.

ಬಲಮುರಿಗೆ ಹೋಗಲೇಬೇಡಿ ಅನ್ನುವುದಿಲ್ಲ. ದಡದ ಮೇಲೆ, ಮರದ ಕೆಳಗೆ ಕೂತು ನೋಡಿ, ಮೀನು ತಿನ್ನಿ, ಅಲ್ಲಿಂದಲೇ ಫೋಟೋ ತೆಗೆಯಿರಿ. ಹೊರಡುವ ಮುನ್ನ ಅವತ್ತಿನ ಪೇಪರಿನಲ್ಲಿ ಕೆಆರ್‌ಎಸ್‌ನ ಮಟ್ಟ ಮತ್ತು ಹೊರಹರಿವು ನೋಡಿಕೊಳ್ಳಿ, ಆದರೆ ಅದು ಬೆಳಗಿನ ಲೆಕ್ಕ, ಮಧ್ಯಾಹ್ನದ ಭರವಸೆ ಅಲ್ಲ. ನೀರು ಕದಡಿದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಒಂದು ಕ್ಷಣವೂ ನಿಲ್ಲಬೇಡಿ. ಮಕ್ಕಳನ್ನು ನೀರಿನ ಮೇಲೆ ಸುತ್ತಾಡಿಸಬೇಕು, ಫೋಟೋನೂ ಬೇಕು ಅಂದರೆ ರಂಗನತಿಟ್ಟು ಪಕ್ಷಿಧಾಮ ಅಲ್ಲಿಂದ ದೂರವಿಲ್ಲ. ಲೈಫ್ ಜಾಕೆಟ್ ಹಾಕಿಸಿ, ಹುಟ್ಟು ಹಾಕುವವರು ದೋಣಿಯನ್ನು ಹಕ್ಕಿಗಳ ಹತ್ತಿರಕ್ಕೇ ಒಯ್ಯುತ್ತಾರೆ. ಹೊಳೆ ಏರಿದ ದಿನ ಅವರೇ ದೋಣಿ ನಿಲ್ಲಿಸುತ್ತಾರೆ, ನೀವು ನಿರ್ಧಾರ ಮಾಡಬೇಕಿಲ್ಲ. ನನ್ನ ಮಕ್ಕಳು ಮಾರನೆಯ ದಿನ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಹಳೇ ಎಂಜಿನ್ನುಗಳನ್ನು ಹತ್ತಿ ಇಳಿದರು, ಪುಟಾಣಿ ರೈಲಿನಲ್ಲಿ ಕೂತರು. ಕೈಗೆ ಬ್ಯಾಂಡೇಜು ಕಟ್ಟಿಕೊಂಡೇ ಮಗಳು ಅಲ್ಲಿ ಮೊದಲ ಸಲ ನಕ್ಕಳು.

ಅವತ್ತು ರಾತ್ರಿ ಲಾಡ್ಜಿನಲ್ಲಿ ಮಕ್ಕಳು ಮಲಗಿದ ಮೇಲೆ ಆ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಮಗಳ ಎಡಭುಜದ ಹಿಂದೆ ಒಂದು ಕಲ್ಲಿದೆ, ಒರಳುಕಲ್ಲಿನಷ್ಟು ದೊಡ್ಡದು, ಮೇಲೆ ಹಕ್ಕಿ ಹಿಕ್ಕೆಯ ಬಿಳಿ ಗೆರೆ. 11:38ರ ಫೋಟೋದಲ್ಲಿ ಅದು ಪೂರ್ತಿ ಹೊರಗಿದೆ. 11:44ರದ್ದರಲ್ಲಿ ಅರ್ಧ. 11:50ರದ್ದರಲ್ಲಿ ಕಲ್ಲಿಲ್ಲ, ಆ ಜಾಗದಲ್ಲಿ ಬರೀ ನೊರೆ. ಮೂರರಲ್ಲೂ ಮಗಳು ನಗುತ್ತಿದ್ದಾಳೆ, ಯಾಕೆಂದರೆ ನಾನು ನಗು ಅಂದಿದ್ದೆ.

ಗ್ರೂಪಿಗೆ ಹಾಕಿದ್ದು 11:38ರದ್ದು. ಇವತ್ತು ಉಳಿದ ಎರಡನ್ನೂ ಹಾಕಿದ್ದೇನೆ. ಮಗಳನ್ನು ನೋಡಬೇಡಿ, ಅವಳ ಹಿಂದಿನ ಕಲ್ಲು ನೋಡಿ ಅಂತ ಕೆಳಗೆ ಬರೆದಿದ್ದೇನೆ.