ಧಾರವಾಡದ ವಕೀಲರೊಬ್ಬರ ಸೇವೆ: ಚೆಕ್ ಬೌನ್ಸ್ ಪ್ರಕರಣದ ಅನುಭವ

ಹತ್ತಿ ಮಾರಿದ ಹಣಕ್ಕೆ ಬಂದ ಚೆಕ್ ಬ್ಯಾಂಕಿನಿಂದ ಮರಳಿದಾಗ ನಾನು ಧಾರವಾಡದ ಈ ವಕೀಲರನ್ನು ಕಂಡೆನು. ಕಾಲೇಜು ದಿನಗಳಲ್ಲಿ ಅವರು ಬೇಸ್‌ಬಾಲ್ ತಂಡದ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಆಟಗಾರ, ಆಗಿದ್ದವರು. ತಂಡದ ಉಳಿದವರೆಲ್ಲ ಬ್ಯಾಟರ್‌ನತ್ತ ನೋಡುತ್ತಿರುವಾಗ ಇಡೀ ಮೈದಾನಕ್ಕೆ ಮುಖಮಾಡಿ ಕೂರುವವನು ಕ್ಯಾಚರ್ ಒಬ್ಬನೇ, ಆ ಅಭ್ಯಾಸ ಅವರ ವಕೀಲಿಯಲ್ಲೂ ಉಳಿದಿದೆ ಎಂದು ನನಗನ್ನಿಸಿತು. ಚೆಕ್ ಮರಳಿದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕಳುಹಿಸಬೇಕು, ಅದು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ನಂತರದ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು ಎಂಬ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138 ಮತ್ತು 142ನೇ ಕಲಮುಗಳ ಗಡುವುಗಳನ್ನು ಮೊದಲ ದಿನವೇ ಬರೆದುಕೊಟ್ಟರು. ಶುಲ್ಕಕ್ಕೆ ರಸೀದಿ ಕೊಡುತ್ತಾರೆ. ಸಂಜೆ ಹೋದರೆ ಒಂದು ತಾಸು ಕಾಯಬೇಕಾಗುತ್ತದೆ, ಇದೊಂದೇ ಕೊರತೆ. ನೋಟಿಸ್ ತಲುಪಿದ 11ನೆಯ ದಿನ ನನ್ನ ಪೂರ್ತಿ ಹಣ ಬಂದಿತು.