ಹಳೆ ಫ್ರೆಂಚ್ ಗಡಿಯಾರ ಕೊಳ್ಳುವ ಮುಂಚೆ ಬಿಲ್ಲಿನಲ್ಲಿ ಈ ಒಂದು ಪದ ನೋಡಿ

ಫ್ರಾನ್ಸಿನಲ್ಲಿ ಇರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 4,800 ಯೂರೋ ಕೊಟ್ಟು ಮೋಸ ಹೋಗಿದ್ದೇನೆ. ಇನ್ನೊಬ್ಬರಿಗೆ ಹೀಗಾಗಬಾರದು.

ಲಿಯೋನ್‌ನ ಒಂದು ಹಳೆ ಸಾಮಾನಿನ ಅಂಗಡಿ. ಮೂಲೆಯಲ್ಲಿ ಆಳಿಗಿಂತ ಎತ್ತರದ ಗಡಿಯಾರ ನಿಂತಿತ್ತು. ಮಹಾಗನಿ ಮರ, ನೆತ್ತಿಯ ಮೇಲೆ ಕಲಶ, ಬಾಗಿಲ ಸುತ್ತ ಚಿನ್ನದ ಬಣ್ಣದ ಎಲೆಮಾಲೆ, ಬಿಳಿ ಎನಾಮಲ್ ಡಯಲ್. ನೋಡಿದ ಕೂಡಲೇ ಮನಸೋತೆ. ಅಂಗಡಿಯವರು "ಹದಿನಾರನೇ ಲೂಯಿ ರಾಜನ ಕಾಲದ್ದು, 1780ರ ಆಸುಪಾಸಿನದು" ಎಂದರು. ಮತ್ತೆ ಕೇಳಿದೆ, ಮತ್ತೆ ಅದನ್ನೇ ಹೇಳಿದರು. ಬಿಲ್ಲಿನಲ್ಲಿ ನಾನು ಮೊತ್ತ ಒಂದನ್ನೇ ನೋಡಿ ದುಡ್ಡು ಕೊಟ್ಟೆ.

ಮನೆಗೆ ತಂದವರು ಪೆಂಡುಲಂ ಬಿಚ್ಚಿರಲೇ ಇಲ್ಲ, ಹಾಗೇ ಮಲಗಿಸಿಕೊಂಡು ತಂದಿದ್ದರು. ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಒಂದು ಸೆಕೆಂಡ್ ತೆಗೆದುಕೊಳ್ಳುವ ಪೆಂಡುಲಂ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ ಇರುತ್ತದೆ, ತುದಿಯಲ್ಲಿ ಭಾರದ ಗುಂಡು, ಅಷ್ಟನ್ನೂ ಹೊತ್ತಿರುವುದು ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿ. ಅದು ಮುರಿದಿತ್ತು. ನೀವು ಯಾವ ಗಡಿಯಾರ ಸಾಗಿಸಿದರೂ ಮೊದಲು ಪೆಂಡುಲಂ ತೆಗೆಸಿ, ತೂಕದ ಗುಂಡುಗಳಿದ್ದರೆ ಅವನ್ನೂ ಇಳಿಸಿ.

ರಿಪೇರಿಗೆ ಬಂದ ಹಿರಿಯರು ಮೆಷಿನ್ ಹೊರಗೆ ತೆಗೆದು, ಏನೂ ಹೇಳದೆ ಟಾರ್ಚ್ ನನ್ನ ಕೈಗೆ ಕೊಟ್ಟರು. ಹಿಂದಿನ ಹಿತ್ತಾಳೆ ತಗಡಿನ ಮೇಲೆ ಗುಂಡನೆ ಮೊಹರು. ಅದರಲ್ಲಿ "ಚಿನ್ನದ ಪದಕ, ಪ್ಯಾರಿಸ್ 1900" ಅಂತ ಇತ್ತು. 1780ರ ಗಡಿಯಾರಕ್ಕೆ 1900ರ ಪದಕ ಎಲ್ಲಿಂದ ಬರುತ್ತೆ? ಮೆಷಿನ್ ಕೂರುವ ಹಲಗೆಯಲ್ಲಿ ಹಳೆ ತೂತುಗಳಿಗೆ ಮೇಣ ತುಂಬಿದ್ದರು. ಎಂದರೆ ಪೆಟ್ಟಿಗೆ ಒಂದು ಗಡಿಯಾರದ್ದು, ಮೆಷಿನ್ ಇನ್ನೊಂದರದ್ದು. ಎಲೆಮಾಲೆಯ ಹಿಂಬದಿಯನ್ನು ಸ್ವಲ್ಪ ಗೀರಿದರೆ ಬೂದು ಬಣ್ಣ ಕಂಡಿತು. ಕಂಚಾಗಿದ್ದರೆ ಹಳದಿ ಕಾಣಬೇಕಿತ್ತು. ಇದು ಸತು, ಮೇಲೆ ಗಿಲೀಟು.

ಬಿಲ್ ತೆಗೆದು ಓದಿದೆ. "ಸ್ತೀಲ್ ಲೂಯಿ ಸೇಝ್" (style Louis XVI) ಅಂತ ಇತ್ತು. ಲೂಯಿ ಸೇಝ್ ಎಂದರೆ ಹದಿನಾರನೇ ಲೂಯಿ. ಇಲ್ಲೇ ಇರುವುದು ಎಲ್ಲಾ. ಫ್ರಾನ್ಸಿನಲ್ಲಿ 1981ರ ಮಾರ್ಚ್ 3ರ ಆದೇಶ ಒಂದಿದೆ, ಜನ ಅದನ್ನು ಮಾರ್ಕ್ಯೂಸ್ ಆದೇಶ ಅನ್ನುತ್ತಾರೆ. ಬಿಲ್ಲಿನಲ್ಲಿ "ಎಪೋಕ್ ಲೂಯಿ ಸೇಝ್" (époque Louis XVI) ಎಂದು ಬರೆದರೆ ಆ ವಸ್ತು ಆ ಕಾಲದಲ್ಲೇ ತಯಾರಾದದ್ದು ಎಂದು ಮಾರುವವರು ಖಾತರಿ ಕೊಟ್ಟ ಹಾಗೆ. "ಸ್ತೀಲ್" ಎಂದರೆ ಆ ಕಾಲದ ಶೈಲಿ ಅಷ್ಟೇ, ಯಾವ ಕಾಲದ್ದು ಎಂಬ ಖಾತರಿ ಇಲ್ಲ. ಅಂಗಡಿಗೆ ಹೋಗಿ ಕೇಳಿದರೆ "ಬರೆದೇ ಕೊಟ್ಟಿದ್ದೇವಲ್ಲ" ಎಂದರು. ಬಾಯಿಮಾತಿಗೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಹೆಂಡತಿ ಯೂಜೆನಿಗೆ, ಹದಿನಾರನೇ ಲೂಯಿಯ ರಾಣಿ ಮರೀ ಆಂತ್ವನೆತ್ ಕಾಲದ ಸಾಮಾನು ಅಂದರೆ ಬಹಳ ಇಷ್ಟ. ಯೂಜೆನಿಯ ಕಾಲದಲ್ಲಿ, ಅಂದರೆ 1850-60ರ ದಶಕಗಳಲ್ಲಿ, ಪ್ಯಾರಿಸ್ಸಿನ ಬಡಗಿಗಳು ಹದಿನಾರನೇ ಲೂಯಿ ಶೈಲಿಯನ್ನು ಮತ್ತೆ ಮಾಡತೊಡಗಿದರು, ಅದರಲ್ಲಿ ಅದ್ಭುತ ಕೆಲಸಗಳಿವೆ. ಅವು ಕಳಪೆ ಅಲ್ಲವೇ ಅಲ್ಲ. ಹೀಗೆ ಆಮೇಲೆ ಮಾಡಿದ್ದು ಎಂದು ಹೇಳಿ, ಅದಕ್ಕೆ ತಕ್ಕ ಬೆಲೆ ಕೇಳಿದ್ದರೆ ಖುಷಿಯಿಂದ ಕೊಡುತ್ತಿದ್ದೆ. ಸುಮ್ನೆ ನೂರು ವರ್ಷ ಸೇರಿಸಿ ಹೇಳಿದ್ದು ನೋವು.

ಹಾಗಾಗಿ ದುಡ್ಡು ಕೊಡುವ ಮುಂಚೆಯೇ "ಎಪೋಕ್" ಎಂದು ಬರೆಸಿ, ಯಾವ ಭಾಗ ಆಮೇಲೆ ಬದಲಾಗಿದೆ ಎಂದೂ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಹೊರಟುಬಿಡಿ. ಮೆಷಿನ್ನಿನ ಹಿಂಬದಿ ತೋರಿಸಿ ಅನ್ನಿ. ಫ್ರೆಂಚ್ ಓದಲು ಕಷ್ಟ ಆದರೆ ಬಿಲ್ಲಿನ ಫೋಟೋ ನನಗೆ ಕಳಿಸಿ, ಅವತ್ತೇ ಓದಿ ಹೇಳುತ್ತೇನೆ.